ನಗುವಿಗೆ ಸಮಜಾಯಿಷಿ

ಕೆಲಸ ಬಿಟ್ಟ ವರ್ಷಗಳಿಗೆ ಬಾಯಿಮಾತಿನ ಸಮಜಾಯಿಷಿ ಈಗ ಯಾರಿಗೂ ಬೇಕಿರಲಿಲ್ಲ. ಸಂದರ್ಶನದಲ್ಲಿ ಆ ವರ್ಷಗಳ ನೆನಪನ್ನೇ ತಲೆಯಿಂದ ಇಳಿಸಿಕೊಂಡು, ಮೇಜಿನ ಗಾಜಿನ ಮೇಲೆ ಸಿನಿಮಾದ ಹಾಗೆ ಓಡಿಸಿ ನೋಡುತ್ತಿದ್ದರು. ಶಿವಲೀಲಾಳ ಮೂರು ವರ್ಷಗಳನ್ನು ಸಂದರ್ಶನ ಮಾಡುತ್ತಿದ್ದ ಕುಂದರಗಿ ಸಾಹೇಬರು ಇಡ್ಲಿ ತಿನ್ನುತ್ತಲೇ ಓಡಿಸಿದರು. ಹಾಸಿಗೆ ಹಿಡಿದ ಅವ್ವ, ಬೆನ್ನಿನ ಹುಣ್ಣು, ಬೆಡ್‌ಪ್ಯಾನು.

“ತಿನ್ನೋ ಹೊತ್ತಿನ್ಯಾಗ ಏನ್ ಹೇಸಿಗಿರಿ ಇದು!” ಎಂದು ಚಟ್ನಿ ಮೆತ್ತಿದ ಬೆರಳಲ್ಲೇ ಗಾಜಿನ ಮೇಲಿನ ಚಿತ್ರವನ್ನು ಮುಂದೆ ಸರಿಸಿದರು. ಆಮೇಲೆ ಒಂದು ಕಡೆ ನಿಲ್ಲಿಸಿದರು.

“ಸೇವೆ ಮಾಡೀರಿ, ಖರೇ. ಆದ್ರ ಇಲ್ಲಿ ನೀವು ನಗಾಕತ್ತೀರಿ. ಮೂರು ವರ್ಷದಾಗ ಒಟ್ಟು ನಲವತ್ತು ನಿಮಿಷ ನಕ್ಕೀರಿ. ಅರ್ಜಿಯೊಳಗ ಕಷ್ಟ ಅಂತ ಬರದೀರಿ. ಈ ನಗುವಿಗೆ ಏನ್ ಹೇಳ್ತೀರಿ?”

ಶಿವಲೀಲಾ ಗಾಜಿನತ್ತ ಬಾಗಿದಳು. ಗಂಜಿ ಕುಡಿಸುವಾಗ ಚಮಚ ಮೂಗಿಗೆ ತಾಗಿದ್ದಕ್ಕೆ ಅವ್ವ ಬೊಚ್ಚುಬಾಯಿ ಬಿಟ್ಟು ನಕ್ಕಿದ್ದಳು, ಇವಳೂ ನಕ್ಕಿದ್ದಳು, ಅಷ್ಟೇ. ಈಗ ಗಾಜಿನಲ್ಲಿ ನಗುತ್ತಿದ್ದ ಅವ್ವನ ಗಲ್ಲದ ಮೇಲೆ ಸಾಹೇಬರ ಚಟ್ನಿ ಅಂಟಿತ್ತು.

ಅವಳು ದಿನಾ ಗಂಜಿ ಕುಡಿಸಿದ ಮೇಲೆ ಒರೆಸುತ್ತಿದ್ದ ಹಾಗೆಯೇ, ಸೆರಗಿನ ತುದಿಯಿಂದ ಆ ಗಲ್ಲವನ್ನು ಮೆಲ್ಲಗೆ ಒರೆಸಿದಳು.

“ಹೋತು ಬಿಡವ್ವಾ, ಹೇಸಿಗಿ,” ಎಂದು ಎದ್ದು ನಡೆದಳು.