ಗಾಜಿನ ಒಲೆ

ಅಜ್ಜಿಯ ಬೆರಳು ಹೊಸ ಕರೆಂಟಿನ ಒಲೆಗೆ ತಗುಲಿದ್ದೇ ತಡ, ಅದು ‘ಪೀಂ’ ಎಂದಿತು. ಬೆಚ್ಚಿ ಕೈ ತೆಗೆದರು. ಮತ್ತೆ ಮೆಲ್ಲಗೆ ತಡವಿದರೆ ಮೂರು ಬಾರಿ ಕೂಗಿ ಆಫ್ ಆಯಿತು. ಕಣ್ಣು ಹೋದ ಮೇಲೂ ಗ್ಯಾಸ್ ಒಲೆಯ ತಿರುಗಣೆ ಹಿಡಿದು, ಉರಿಯ ಸದ್ದು ಕೇಳಿ, ದಿನಾ ತಾವೇ ಟೀ ಮಾಡುತ್ತಿದ್ದವರು ಅವರು. ಈ ನುಣುಪು ಗಾಜಿಗೆ ತಿರುಗಣೆಯೇ ಇಲ್ಲ. ಅವರು ಮುಟ್ಟಿ ನೋಡುವುದನ್ನೆಲ್ಲ ಅದು ಅಪ್ಪಣೆ ಎಂದು ತಿಳಿಯುತ್ತಿತ್ತು.

“ಗ್ಯಾಸ್ ಬೆಳಿಗ್ಗೇನೇ ವಾಪಸ್ ಕೊಟ್ಟಾಯ್ತಮ್ಮ. ಅವತ್ತು ರವಿಕೆ ತೋಳಿಗೆ ಬೆಂಕಿ ಹತ್ಕೊಂಡಿದ್ದು ಮರೆತ್ಯಾ?” ಎಂದ ಮಗ. “ಇನ್ಮೇಲೆ ಆರಾಮಾಗಿ ಕೂತ್ಕೋ. ಕೇಳಿದ್ರೆ ನಾವೇ ತಂದ್ಕೊಡ್ತೀವಿ.”

“ಆ ಕೇಳೋದೇ ಕಷ್ಟ ಕಣೋ,” ಎನ್ನುತ್ತ ಅಜ್ಜಿ ಬಾಗಿಲ ಕಡೆ ತಿರುಗಿದರು.

ಸೊಸೆ ಅವರ ಕೈ ಹಿಡಿದು ನಿಲ್ಲಿಸಿದಳು. “ಒಂದ್ನಿಮಿಷ ಅತ್ತೆ, ಇಷ್ಟಕ್ಕೇ ಮುನಿಸ್ಕೊಂಡ್ರೆ ಹೇಗೆ?” ಗಾಯಕ್ಕೆ ಅಂಟಿಸುವ ಪಟ್ಟಿಯನ್ನು ಸಣ್ಣ ತುಂಡುಗಳಾಗಿ ಕತ್ತರಿಸಿ, ಗಾಜಿನ ಮೇಲಲ್ಲ, ಅದರ ಮುಂದಿನ ಕಟ್ಟೆಯ ಅಂಚಿನಲ್ಲಿ, ಒಂದೊಂದು ಗುಂಡಿಯ ನೇರಕ್ಕೆ ಅಂಟಿಸಿದಳು. “ಇಲ್ಲಿ ಎಷ್ಟು ಬೇಕಾದ್ರೂ ತಡವಿ, ಕೂಗಲ್ಲ. ಮೊದಲನೇದು ಆನ್ ಮಾಡೋದು. ಅಲ್ಲಿಂದ ಬೆರಳು ನೇರ ಮುಂದಕ್ಕಿಡಿ.”

ಅಜ್ಜಿ ಅಂಚನ್ನು ಸವರಿದರು. ಮೊದಲ ತುಂಡಿನ ಮೇಲೆ ಬೆರಳು ನಿಂತಿತು, ಎದ್ದಿತು, ಮುಂದೆ ಇಳಿಯಿತು. ‘ಪೀಂ’. ಒಂದೇ ಸಲ. ಒಲೆಯ ಮೇಲಿಟ್ಟಿದ್ದ ಪಾತ್ರೆಯಲ್ಲಿ ನೀರು ಸಣ್ಣಗೆ ಸದ್ದು ಮಾಡತೊಡಗಿತು. ಸಹಾಯಕ್ಕೆಂದು ಚಾಚಿದ ಮಗನ ಕೈಗೆ ಪಟ್ಟನೆ ಒಂದು ಪೆಟ್ಟು ಬಿತ್ತು.

“ಯಾರ್ಯಾರಿಗೆ ಟೀ ಬೇಕು, ಈಗ್ಲೇ ಹೇಳ್ಬಿಟ್ಟು ಎಲ್ಲರೂ ಆಚೆ ನಡೀರಿ,” ಎಂದರು ಅಜ್ಜಿ.