ಜಾತಿ ಕೇಳದ ಶಾಲೆ

ನಾಗರತ್ನಳ ಬಯೋಡೇಟಾ ತಿದ್ದಿಕೊಟ್ಟವಳು ಅವಳದೇ ಊರಿನ, ಹಾಸ್ಟೆಲಿನಲ್ಲಿ ಅವಳದೇ ರೂಮಿನ ಇಂದುಮತಿ. ಜಾತಿಯ ಸಾಲನ್ನು ಹೊಡೆದುಹಾಕಿದಳು. 'ಕಿವುಡು ಮಕ್ಕಳಿಗೆ ಪಾಠ ಹೇಳಿದ್ದೇನೆ' ಎಂದಿದ್ದಲ್ಲಿ 'ಶ್ರವಣದೋಷವುಳ್ಳ ಮಕ್ಕಳಿಗೆ' ಎಂದು ಬರೆದಳು.

"ಮಾತಲ್ಲಿ ಯಾರನ್ನೂ ಸಣ್ಣೋರು ಮಾಡಬಾರದು ಕಣೇ," ಅಂದಳು.

ಇಬ್ಬರೂ ಅರ್ಜಿ ಹಾಕಿದ್ದು ಒಂದೇ ಶಾಲೆಗೆ. ಖಾಲಿ ಇದ್ದದ್ದು ಒಂದೇ ಟೀಚರ್ ಹುದ್ದೆ.

ಸಂದರ್ಶನದಲ್ಲಿ ಶಾಲೆಯ ಕಾರ್ಯದರ್ಶಿ ನಾಗರತ್ನಳ ಬಯೋಡೇಟಾ ಓದಿ ತಲೆದೂಗಿದರು. "ಎಷ್ಟು ಗೌರವದ ಭಾಷೆಯಮ್ಮ! ನಮ್ಮಲ್ಲೂ ಅಷ್ಟೇ, ಯಾರನ್ನೂ ಜಾತಿಗೀತಿ ಕೇಳೋದಿಲ್ಲ. ಅಂದಹಾಗೆ, ನಿಮ್ಮ ಮನೆದೇವರು ಯಾವುದು?"

ನಾಗರತ್ನ ಹೇಳಿದಳು. ಅವರ ಮುಖ ಅರಳಿತು.

"ನಮ್ಮ ಪೈಕಿನೇ ಅನ್ನಿ! ಆದರೇನು ಮಾಡೋದು, ಹೊರಗೆ ಕೂತಿರೋ ಹುಡುಗಿಗೆ ನಿಮಗಿಂತ ಅಂಕ ಜಾಸ್ತಿ. ನಿಮ್ಮೂರಿನವರೇ ಅಲ್ವಾ? ಅವರ ಮನೆದೇವರು?"

ಅರೆ ತೆರೆದ ಬಾಗಿಲಾಚೆ ಇಂದುಮತಿ ಹೆಬ್ಬೆರಳೆತ್ತಿ ಗೆಳತಿಗೆ ಧೈರ್ಯ ಹೇಳುತ್ತಿದ್ದಳು.

"ಅವರ ದೇವರು ಗೊತ್ತಿಲ್ಲ ಸರ್," ಅಂದಳು ನಾಗರತ್ನ. "ಅವರ ಮನೆ ಊರಿಂದಾಚೆ ಬರುತ್ತೆ."