ಚೌಕಟ್ಟಿನೊಳಗಿನ ಎಲೆ

ಅವನ ಮೊದಲ ಹೆಂಡತಿ ತೀರಿಕೊಳ್ಳುವ ಮುನ್ನ ಒಂದು ಕೆಂಪು ಬಾದಾಮಿ ಎಲೆಯನ್ನು ಕರಗಿದ ಮೇಣದಲ್ಲಿ ಅದ್ದಿ, ಆರಿಸಿ, ಗಾಜಿನ ಚೌಕಟ್ಟಿನಲ್ಲಿ ಇಟ್ಟಿದ್ದಳು. ಎರಡನೆಯವಳು ಈ ಮನೆಗೆ ಬಂದು ಒಂಬತ್ತು ಮಾಘಗಳು ಕಳೆದಿದ್ದವು. ಪ್ರತಿ ಮಾಘದಲ್ಲೂ ಅವಳು ಅಂಗಳದಲ್ಲಿ ಉದುರಿದ ಎಲೆಗಳನ್ನು ಆಯ್ದು, ಹಾಗೆಯೇ ಮೇಣದಲ್ಲಿ ಅದ್ದಿ ಅವನೆದುರು ಹಿಡಿಯುತ್ತಿದ್ದಳು.

"ಚೆನ್ನಾಗಿದೆ. ಆದ್ರೆ ಅವಳ ಕೈಯೇ ಬೇರೆ," ಎನ್ನುತ್ತಿದ್ದನು ಅವನು.

ಸತ್ತವಳ ಮೇಲೂ ಸವತಿಮತ್ಸರವೇ ಎಂದು ಅವಳು ಒಳಗೊಳಗೇ ನಾಚಿಕೊಂಡಳು. ಆದರೂ ಹೊಟ್ಟೆಯ ಉರಿ ಆರಲಿಲ್ಲ. ಈ ಸಲ ಚೌಕಟ್ಟನ್ನು ಬಿಚ್ಚಿ, ಆ ಎಲೆಯನ್ನು ಬಚ್ಚಲ ಒಲೆಗೆ ಹಾಕಿ, ತನ್ನದೊಂದನ್ನು ಅದರ ಜಾಗದಲ್ಲಿ ಕೂರಿಸಿದಳು.

ಸಂಜೆ ಅವನು ಎಂದಿನಂತೆ ಗಾಜನ್ನು ಒರೆಸುತ್ತ ನಿಂತನು.

"ಬಾ ಇಲ್ಲಿ, ನೋಡು. ಇಷ್ಟು ವರ್ಷ ಆದ್ರೂ ಬಣ್ಣ ಹೇಗಿದೆ! ಕೈಗುಣ ಅಂದ್ರೆ ಇದು!"

"ಇನ್ನೊಂದ್ಸಲ ಹೇಳಿ."

"ಇದಕ್ಕೆ ಸಮ ಇನ್ನೊಂದಿಲ್ಲ ಕಣೇ."

ಅವಳಿಗೆ ತಡೆಯಲಾಗಲಿಲ್ಲ. "ಅದು ನಾನು ಮಾಡಿದ್ದು ರೀ! ಹೋದ ವಾರ, ಇದೇ ಕೈಯಲ್ಲಿ!"

ಗಾಜಿನ ಮೇಲಿದ್ದ ಬಟ್ಟೆ ನಿಂತಿತು.

"ಹಾಗಾದ್ರೆ ಅವಳದ್ದೆಲ್ಲಿ?"